ಬಿಯರ್ಡೆಡ್ ಡ್ರ್ಯಾಗನ್ ತಿನ್ನದೆ ಮಂಕಾಗಿ ಕೂತಿದ್ದರೆ: ಮೊದಲು ಟ್ಯಾಂಕ್ ನೋಡಿ, ಆಮೇಲೆ ಪ್ರಾಣಿಯನ್ನು

ಬೆಳಿಗ್ಗೆ ಲೈಟ್ ಹಾಕಿದ ಅರ್ಧ ಗಂಟೆಯಲ್ಲಿ ಕಲ್ಲು ಹತ್ತಿ ಮೈ ಕಾಯಿಸಬೇಕಾದ ಪ್ರಾಣಿ ಮೂಲೆ ಬಿಟ್ಟು ಏಳುವುದಿಲ್ಲ. ಮುಂದೆ ಹುಳ ಬಿಟ್ಟರೆ ತಲೆ ವಾರೆ ಮಾಡಿ ನೋಡುತ್ತದೆ, ಅಷ್ಟೇ. ಹಾಕಿದ ಸೊಪ್ಪು ಸಂಜೆವರೆಗೆ ಹಾಗೇ ಬಾಡಿ ಬಿದ್ದಿರುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಗಡ್ಡದ ಹಲ್ಲಿ ಸಾಕಿದವರು ನನಗೆ ಫೋನ್ ಮಾಡಿದರೆ ಹೇಳುವುದು ಹೆಚ್ಚಾಗಿ ಇದನ್ನೇ.

ನಾನಿರುವುದು ಬಳ್ಳಾರಿಯಲ್ಲಿ. ಇದನ್ನು ಸಾಕುವವರು ನಮ್ಮ ಕಡೆ ಕಡಿಮೆ. ರಾಯಚೂರು, ಕೊಪ್ಪಳ, ಗಂಗಾವತಿ ಎಲ್ಲ ಸೇರಿಸಿದರೂ ನನಗೆ ಗೊತ್ತಿರುವವರು ಬೆರಳಲ್ಲಿ ಎಣಿಸುವಷ್ಟು. ಹಲ್ಲಿ, ಹಾವು ನೋಡಿ ಅನುಭವ ಇರುವ ಪಶುವೈದ್ಯರು ಬೇಕೆಂದರೆ ಬೆಂಗಳೂರಿಗೇ ಹೋಗಬೇಕು, ಬಳ್ಳಾರಿಯಿಂದಲೇ 300 ಕಿಲೋಮೀಟರ್ ಮೇಲೆ. ಹಾಗಾಗಿ ಮನೆಯಲ್ಲಿ ನಾವೇ ಏನೇನು ಪರೀಕ್ಷೆ ಮಾಡಿ ನೋಡಬಹುದು, ಯಾವುದಾದ ಮೇಲೆ ಯಾವುದು, ಮತ್ತು ಯಾವ ಹಂತದಲ್ಲಿ ಮನೆಮದ್ದು ಬಿಟ್ಟು ಬಸ್ ಹತ್ತಬೇಕು ಅನ್ನುವುದನ್ನು ನನ್ನ ಮುಳ್ಳಪ್ಪನಿಂದ ಕಲಿತ ಹಾಗೆ ಬರೆಯುತ್ತಿದ್ದೇನೆ. ಮುಳ್ಳಪ್ಪ ಅಂದರೆ ನನ್ನ ಡ್ರ್ಯಾಗನ್. ಈಗ ನಾಲ್ಕು ವರ್ಷ, 410 ಗ್ರಾಂ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಪ್ರಾಣಿ ಊಟ ಬಿಟ್ಟಾಗ ನಮ್ಮ ತಲೆ ಮೊದಲು ಓಡುವುದು ರೋಗದ ಕಡೆಗೆ, ಹೊಟ್ಟೆಹುಳದ ಕಡೆಗೆ, ಔಷಧಿಯ ಕಡೆಗೆ. ಆದರೆ ದೋಷ ಶುರುವಾಗಿರುವುದು ಬಹಳ ಸಲ ಅದನ್ನು ಇಟ್ಟಿರುವ ಪೆಟ್ಟಿಗೆಯಲ್ಲಿ, ಅಂದರೆ ಟ್ಯಾಂಕ್‌ನಲ್ಲಿ. ಅದರ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಹಸಿವು, ಜೀರ್ಣ, ಮೂಳೆ, ರೋಗ ತಡೆಯುವ ಶಕ್ತಿ, ಎಲ್ಲವೂ ನಾವು ಕೊಡುವ ಬಿಸಿ ಮತ್ತು ಬೆಳಕಿನ ಮೇಲೆಯೇ ನಿಂತಿವೆ. ಅದಕ್ಕೇ ಟ್ಯಾಂಕ್ ಮೊದಲು, ಪ್ರಾಣಿ ಆಮೇಲೆ. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬಲ್ಬ್, ಊಟ, ಜಾಗ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತೇ ಆಗುವುದಿಲ್ಲ.

ಕಾಯಬಾರದ ಲಕ್ಷಣಗಳು

ಹಿಂಗಾಲು ಎಳೆದುಕೊಂಡು ಹೋಗುತ್ತಿದ್ದರೆ, ಮೈ ಅಥವಾ ಕಾಲು ತಾನಾಗಿ ಅದುರುತ್ತಿದ್ದರೆ, ಬಾಯಿ ಮೂಗಿನಲ್ಲಿ ಲೋಳೆ ನೊರೆ ಬರುತ್ತಿದ್ದರೆ, ಹಿಂದಿನಿಂದ ಕೆಂಪು ಮಾಂಸದಂಥದ್ದು ಹೊರಗೆ ಬಂದಿದ್ದರೆ, ಕೈಯಲ್ಲಿ ಹಿಡಿದರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿದ್ದರೆ, ಕೆಳಗೆ ಬರೆದಿರುವುದನ್ನು ಓದುತ್ತಾ ಕೂರಬೇಡಿ. ಆ ದಿನವೇ ವೈದ್ಯರಿಗೆ ಫೋನ್ ಮಾಡಿ, ಹೊರಡಿ. ಮೈಮೇಲೆ ಹಳದಿ ಅಥವಾ ಕಂದು ಹೆಕ್ಕಳಿಕೆ ಕಟ್ಟಿ ಅದು ಹರಡುತ್ತಾ ಹೋಗುತ್ತಿದ್ದರೂ ಅಷ್ಟೇ. ಅದು ಶಿಲೀಂಧ್ರ ಇರಬಹುದು, ಮನೆಯಲ್ಲಿ ವಾಸಿಯಾಗುವಂಥದ್ದಲ್ಲ. ಮನೆಯಲ್ಲಿ ಬೇರೆ ಡ್ರ್ಯಾಗನ್ ಇದ್ದರೆ ತಕ್ಷಣ ಬೇರೆ ಮಾಡಿ.

ಇದ್ಯಾವುದೂ ಇಲ್ಲ, ಬರೀ ಊಟ ಬಿಟ್ಟಿದೆ, ಮಂಕಾಗಿದೆ ಅಂದರೆ ಮುಂದಿನದು ನೋಡಿ.

ಬಿಸಿ: ಕೈಯಿಂದ ಮುಟ್ಟಿ ನೋಡಬೇಡಿ, ಅಳೆಯಿರಿ

ಮುಳ್ಳಪ್ಪನನ್ನು ತಂದ ಮೊದಲ ವಾರ ಅವ್ವ ಕೇಳಿದ್ದು ಇದು: "ಅಲ್ಲೋ, ಬಳ್ಳಾರಿ ಬಿಸಿಲಾಗ ಮನಿಷ್ಯಾರs ಬೇಯಾಕತ್ತೀವಿ, ಇದಕ್ಕ್ಯಾಕ ಮತ್ತ ಲೈಟು?" ನ್ಯಾಯವಾದ ಪ್ರಶ್ನೆ. ನನಗೂ ಆಗ ಸರಿಯಾದ ಉತ್ತರ ಗೊತ್ತಿರಲಿಲ್ಲ. ಇದು ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶದ ಪ್ರಾಣಿ. ಮರುಭೂಮಿ ಪ್ರಾಣಿ, ಬಿಸಿಲೇ ಅದಕ್ಕೆ ಅನ್ನ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಅದು ಇಡೀ ದಿನ ಬಿಸಿಲಲ್ಲಿ ಕೂರುವುದಿಲ್ಲ. ಬೆಳಿಗ್ಗೆ ಬೇಲಿ ಕಂಬ, ಬಿದ್ದ ಮರ ಹತ್ತಿ ಮೈ ಕಾಯಿಸುತ್ತದೆ, ಮಧ್ಯಾಹ್ನ ಉರಿ ಏರಿದಾಗ ನೆರಳಿಗೋ ಬಿಲಕ್ಕೋ ಇಳಿಯುತ್ತದೆ. ಮೈಯನ್ನು 35 ಡಿಗ್ರಿ ಆಸುಪಾಸಿನಲ್ಲಿ ಇಟ್ಟುಕೊಳ್ಳಲು ದಿನವಿಡೀ ಹೀಗೆ ಜಾಗ ಬದಲಿಸುತ್ತಾ ಇರುತ್ತದೆ. ಅಂದರೆ ಅದಕ್ಕೆ ಬೇಕಿರುವುದು ಬಿಸಿ ಒಂದೇ ಅಲ್ಲ, ಬಿಸಿ ಮತ್ತು ತಂಪಿನ ನಡುವೆ ಆಯ್ಕೆ. ನಮ್ಮೂರ ಕೋಣೆಯಲ್ಲಿ ಎಲ್ಲ ಕಡೆ ಒಂದೇ ಸೆಕೆ. ಆಯ್ಕೆ ಎಲ್ಲಿದೆ?

ಲೆಕ್ಕ ಹೀಗಿದೆ. ಮೈ ಕಾಯಿಸುವ ಕಲ್ಲಿನ ಮೇಲ್ಮೈ ದೊಡ್ಡ ಪ್ರಾಣಿಗೆ 38ರಿಂದ 42 ಡಿಗ್ರಿ, ಮರಿಗೆ ಒಂದೆರಡು ಡಿಗ್ರಿ ಜಾಸ್ತಿ ಇದ್ದರೂ ನಡೆಯುತ್ತದೆ. ಇನ್ನೊಂದು ತುದಿಯ ತಂಪು ಜಾಗ 24ರಿಂದ 29. ರಾತ್ರಿ 18ಕ್ಕಿಂತ ಕೆಳಗೆ ಹೋಗಬಾರದು. ಈ ಅಂತರ ಸಿಗಬೇಕಾದರೆ ದೊಡ್ಡ ಪ್ರಾಣಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪೆಟ್ಟಿಗೆ ಬೇಕೇ ಬೇಕು. ಎರಡು ಅಡಿಯ ಹಳೆ ಮೀನಿನ ತೊಟ್ಟಿಯಲ್ಲಿ ಒಂದು ಬಲ್ಬ್ ಹಾಕಿದರೆ ಪೂರ್ತಿ ತೊಟ್ಟಿಯೇ ಒಲೆ.

ಅಳೆಯುವುದರಲ್ಲೇ ಹೆಚ್ಚು ತಪ್ಪಾಗುವುದು. ಗಾಜಿಗೆ ಅಂಟಿಸುವ ಗುಂಡನೆಯ ಮೀಟರ್ ಹೇಳುವುದು ಆ ಗಾಜಿನ ಹತ್ತಿರದ ಗಾಳಿಯ ಬಿಸಿ, ಕಲ್ಲಿನದಲ್ಲ. ಕೊರೊನಾ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿ ಇದೆ, ಅದನ್ನೇ ಬಳಸೋಣ ಅಂತ ಹಲವರು ಅಂದುಕೊಳ್ಳುತ್ತಾರೆ. ಅದು ಮನುಷ್ಯನ ಜ್ವರಕ್ಕೆ ಅಂತ ಲೆಕ್ಕ ಹಾಕಿ ಅಂಕಿ ತೋರಿಸುತ್ತದೆ, ಕಲ್ಲಿಗೆ ಹಿಡಿದರೆ ಸುಳ್ಳು ಹೇಳುತ್ತದೆ. ಮೋಟಾರ್, ಎಸಿ ರಿಪೇರಿಯವರು ಬಳಸುವ ಇನ್‌ಫ್ರಾರೆಡ್ ಗನ್ ತೆಗೆದುಕೊಳ್ಳಿ. ತಂಪು ತುದಿಗೆ ತಂತಿಯ ತುದಿಯಲ್ಲಿ ಮೂತಿ ಇರುವ ಡಿಜಿಟಲ್ ಮೀಟರ್ ಸಾಕು. ಬೆಳಿಗ್ಗೆ 10, ಮಧ್ಯಾಹ್ನ 2, ರಾತ್ರಿ 9, ಈ ಮೂರು ಹೊತ್ತು ಮೂರು ದಿನ ಬರೆದಿಟ್ಟುಕೊಳ್ಳಿ. ಒಂದೇ ಸಲ ಅಳೆದು ಸರಿ ಇದೆ ಅನ್ನಬೇಡಿ.

ಕಲ್ಲು 34, 35 ತೋರಿಸಿದರೆ ಕಾರಣ ಸಿಕ್ಕಿತು ಅಂತ ಅರ್ಧ ನಂಬಬಹುದು. ಆ ಬಿಸಿಯಲ್ಲಿ ತಿಂದದ್ದು ಸರಿಯಾಗಿ ಅರಗುವುದಿಲ್ಲ, ಅರಗದಿದ್ದಾಗ ಅದು ತಿನ್ನುವುದೂ ಇಲ್ಲ. ಯಾಕೆ ಕಡಿಮೆಯಾಯಿತು ಅಂತ ಹುಡುಕಿ. ಸಿಂಧನೂರಿನ ಒಬ್ಬ ಗೆಳೆಯನ ಮನೆಯಲ್ಲಿ ಹ್ಯಾಲೊಜೆನ್ ಸುಟ್ಟುಹೋದಾಗ ಅವನ ಅಣ್ಣ ಅದೇ ಹೋಲ್ಡರ್‌ಗೆ ಎಲ್‌ಇಡಿ ಹಾಕಿಟ್ಟಿದ್ದ. ಬೆಳಕು ಮೊದಲಿಗಿಂತ ಜಾಸ್ತಿ, ಕಲ್ಲು ಮಾತ್ರ ತಣ್ಣಗೆ. ಎಂಟು ದಿನ ಯಾರಿಗೂ ಹೊಳೆಯಲಿಲ್ಲ. ಸಂಜೆ ಹೊತ್ತು ವೋಲ್ಟೇಜ್ ಇಳಿದರೂ ಬಲ್ಬ್ ಮಂಕಾಗಿ ಬಿಸಿ ಕಡಿಮೆಯಾಗುತ್ತದೆ, ಅದು ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ಸರಿಮಾಡುವುದು ಕಷ್ಟವಲ್ಲ. ಹ್ಯಾಲೊಜೆನ್ ಸ್ಪಾಟ್ ಬಲ್ಬ್, ಪಿಂಗಾಣಿ ಹೋಲ್ಡರ್, ಕೆಳಗೆ ಒಂದು ತುಂಡು ಕಡಪ ಕಲ್ಲು. ಕಲ್ಲಿನ ಕೆಳಗೆ ಇಟ್ಟಿಗೆ ಏರಿಸುತ್ತಾ ಇಳಿಸುತ್ತಾ 40ಕ್ಕೆ ತಂದು ನಿಲ್ಲಿಸಿ. ಕಡಪ ಕಲ್ಲು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಒರೆಸಲು ಸುಲಭ, ಅದರ ಮೇಲೆ ಓಡಾಡಿದರೆ ಉಗುರೂ ತಾನಾಗಿ ಸವೆಯುತ್ತದೆ. ಒಳಗೆ ಇಡುವ ಕರೆಂಟ್ ಬಿಸಿಕಲ್ಲು ಮಾತ್ರ ಬೇಡವೇ ಬೇಡ. ಬಿಸಿ ಮೇಲಿಂದ ಬೀಳುತ್ತದೆ ಅಂತಲೇ ಇದರ ಮೈ ತಿಳಿದಿರುವುದು, ಹೊಟ್ಟೆ ಸುಟ್ಟರೂ ಬೇಗ ಏಳುವುದಿಲ್ಲ.

ಏಪ್ರಿಲ್, ಮೇ ತಿಂಗಳ ಲೆಕ್ಕ ಬೇರೆ

ಬೇಸಿಗೆಯಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಹೊರಗೆ 40 ದಾಟುವುದು ಹೊಸದಲ್ಲ. ಮೇಲಿನ ಮಹಡಿ, ಆರ್‌ಸಿಸಿ ಛಾವಣಿ ಅಂದರೆ ಕೋಣೆಯೇ 36, 37. ಆಗ ಕಲ್ಲಿನ ಮೀಟರ್ 42 ತೋರಿಸುತ್ತದೆ, ನಾವು ಸಮಾಧಾನ ಪಡುತ್ತೇವೆ. ತಪ್ಪು ಇರುವುದು ಇನ್ನೊಂದು ತುದಿಯಲ್ಲಿ. ಅಲ್ಲಿ 37 ಇದ್ದರೆ ಪ್ರಾಣಿಗೆ ಮೈ ಆರಿಸಿಕೊಳ್ಳಲು ಜಾಗವೇ ಇಲ್ಲ, ಊಟ ಬಿಡದೆ ಏನು ಮಾಡೀತು?

ಇದನ್ನು ಗುರುತಿಸುವುದು ಬಾಯಿಂದ. ಲೈಟ್ ಕೆಳಗೆ ಕೂತು ಬಾಯಿ ತೆರೆದಿದ್ದರೆ ಚಿಂತೆಯಿಲ್ಲ, ಹೆಚ್ಚಾದ ಬಿಸಿಯನ್ನು ಹಾಗೆ ಹೊರಹಾಕುತ್ತದೆ. ತಂಪು ಮೂಲೆಗೆ ಹೋದ ಮೇಲೂ ಬಾಯಿ ತೆರೆದೇ ಇದ್ದರೆ, ಗಾಜು ಕೆರೆಯುತ್ತಿದ್ದರೆ, ನೆಲ ತೋಡಿ ಹೊಟ್ಟೆ ಒತ್ತಿ ಮಲಗುತ್ತಿದ್ದರೆ ಅದು ಸೆಕೆಯಿಂದ ಒದ್ದಾಡುತ್ತಿದೆ ಅಂತ ಅರ್ಥ.

ನಾನು ಮಾಡುವುದು ಇಷ್ಟು. ಮಾರ್ಚ್ ಕೊನೆಗೆ ಟ್ಯಾಂಕನ್ನು ಕೆಳಗಿನ ಮನೆಯ ಉತ್ತರದ ಕೋಣೆಗೆ ಇಳಿಸುತ್ತೇನೆ. ಬಿಸಿ ಬಲ್ಬ್ ಬೆಳಿಗ್ಗೆ 7ರಿಂದ 11, ಅಲ್ಲಿಗೆ ಬಂದ್. ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಮಾತ್ರ ಸಂಜೆವರೆಗೆ ಉರಿಯುತ್ತದೆ, ಅದರಿಂದ ಬಿಸಿ ಅಷ್ಟಿಲ್ಲ. ಮಧ್ಯಾಹ್ನ ಬಾಟಲಿಯಲ್ಲಿ ಗಟ್ಟಿಯಾದ ಐಸ್ ಅನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ತಂಪು ತುದಿಯಲ್ಲಿ ಇಡುತ್ತೇನೆ, ಬೇಕಾದರೆ ಅದೇ ಬಂದು ಪಕ್ಕದಲ್ಲಿ ಮಲಗುತ್ತದೆ. ಏರ್ ಕೂಲರ್ ಗಾಳಿ ನೇರವಾಗಿ ಬಡಿಯುವ ಹಾಗೆ ಇಡಬೇಡಿ. ಕೂಲರ್ ಕೋಣೆಯ ತೇವ ಬಹಳ ಏರಿಸುತ್ತದೆ, ಇದಕ್ಕೆ 30ರಿಂದ 40 ಶೇಕಡ ಇದ್ದರೆ ಒಳ್ಳೆಯದು. ಒದ್ದೆ ಗಾಳಿ ದಿನಗಟ್ಟಲೆ ಬಡಿದರೆ ಎದೆ ಕಟ್ಟುತ್ತದೆ. ಕಿಟಕಿ ತೆರೆದಿಟ್ಟು ಕೂಲರ್ ಅನ್ನು ಗೋಡೆಗೆ ತಿರುಗಿಸಿ.

ಮೈ ಬಹಳ ಕಾದು ಸುಸ್ತಾಗಿ ಬಿದ್ದಿದ್ದರೆ ನೆರಳಿಗೆ ತನ್ನಿ, ಕೊಡದಲ್ಲಿರುವ ಸಾದಾ ನೀರಿನಿಂದ ಕಾಲು, ಹೊಟ್ಟೆ ಒದ್ದೆ ಮಾಡಿ. ಐಸ್ ನೀರು ಸುರಿಯಬೇಡಿ. ವೈದ್ಯರಿಗೆ ಫೋನ್ ಮಾಡಿ.

ಯುವಿಬಿ: ಉರಿಯುತ್ತಿದೆ ಅಂದರೆ ಕೆಲಸ ಮಾಡುತ್ತಿದೆ ಅಂತಲ್ಲ

ಮುಳ್ಳಪ್ಪನ ಕಥೆ ಇಲ್ಲೇ ಇರುವುದು. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನಾನು ಎರಡು ತಿಂಗಳು ತಪ್ಪು ಕಡೆ ಹುಡುಕಿದೆ, ಮತ್ತು ಆ ಎರಡು ತಿಂಗಳು ಅದರ ಮೂಳೆಯಿಂದ ಹೋಯಿತು.

ಆಗ ಅದಕ್ಕೆ ಒಂದೂವರೆ ವರ್ಷ. ಊಟ ನಿಧಾನವಾಗಿ ಕಡಿಮೆಯಾಯಿತು, ಒಂದೇ ದಿನ ಅಲ್ಲ. ಹದಿನೈದು ಹುಳ ತಿನ್ನುತ್ತಿದ್ದದ್ದು ಹತ್ತಾಯಿತು, ಆರಾಯಿತು. ಕಲ್ಲು ಅಳೆದೆ, 40. ತಂಪು ತುದಿ 28. ಎಲ್ಲ ಸರಿ. ಹುಳ ಹಿಡಿಯಲು ಹೋಗಿ ಗುರಿ ತಪ್ಪುತ್ತಿತ್ತು, ನಾಲಿಗೆ ಚಾಚಿ ಪಕ್ಕದ ಕಲ್ಲಿಗೆ ಬಡಿಯುತ್ತಿತ್ತು. ಸೋಮಾರಿಯಾಗಿದೆ ಅಂದುಕೊಂಡೆ. ಸಾಕುಪ್ರಾಣಿ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಕೇಳಿದಾಗ ಹೊಟ್ಟೆಹುಳ ಇರುತ್ತದೆ ಅಂದು, ನಾಯಿಮರಿಗೆ ಕೊಡುವ ಹುಳದ ಔಷಧಿ ಕೊಟ್ಟರು. ಹಿಕ್ಕೆ ಪರೀಕ್ಷೆ ಮಾಡಿಸದೆ ನಾನು ಅದನ್ನು ಕುಡಿಸಿದೆ. ಇನ್ನೂ ಮಂಕಾಯಿತು. ಹಾಗೆ ಮಾಡಬಾರದಿತ್ತು. ನೀವೂ ಮಾಡಬೇಡಿ.

ಒಂದು ರಾತ್ರಿ ಕರೆಂಟ್ ಹೋಗಿ ಟಾರ್ಚ್ ಹಿಡಿದು ನೋಡುತ್ತಿದ್ದೆ. ಅದು ನನ್ನ ಅಂಗೈ ಮೇಲೆ ಮಲಗಿತ್ತು. ಎಡ ಮುಂಗಾಲಿನ ನಡುವಿನ ಬೆರಳು ಗಡಿಯಾರದ ಮುಳ್ಳಿನ ಹಾಗೆ ಟಕ್, ಟಕ್ ಅಂತ ಮಿಡಿಯುತ್ತಿತ್ತು. ಅದು ನಿದ್ದೆಯಲ್ಲಿದೆ, ಬೆರಳು ಮಾತ್ರ ನಿಲ್ಲುತ್ತಿಲ್ಲ. ಕೆಳದವಡೆಯ ಅಂಚನ್ನು ಮೆಲ್ಲಗೆ ಮುಟ್ಟಿದೆ, ಗಟ್ಟಿ ಇರಬೇಕಾದ ಮೂಳೆ ರಬ್ಬರ್ ಚಪ್ಪಲಿಯ ಅಂಚಿನ ಹಾಗೆ ಬಗ್ಗಿತು. ಆ ಮೃದು ಇನ್ನೂ ನನ್ನ ಬೆರಳಲ್ಲಿದೆ.

ಬೆಂಗಳೂರಿಗೆ ಹೋದೆವು. ಎಕ್ಸ್‌ರೇಯಲ್ಲಿ ಮೂಳೆಗಳು ಮಂಜಿನ ಹಾಗೆ ಕಂಡವು. ಮೂಳೆ ಸವೆತದ ಕಾಯಿಲೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಟ್ಯೂಬ್ ಎಷ್ಟು ಹಳೆಯದು ಅಂತ. ಏಳು ತಿಂಗಳು ಸರ್, ಚೆನ್ನಾಗಿ ಉರಿಯುತ್ತಿದೆ ಅಂದೆ. ಟ್ಯಾಂಕಿನ ಫೋಟೊ ತೋರಿಸಿ ಅಂದರು. ತೋರಿಸಿದೆ. ಟ್ಯೂಬ್‌ಗೂ ಜಾಲರಿಗೂ ನಡುವೆ ಇದೇನು ಅಂದರು.

ಅದು ಅಕ್ರಿಲಿಕ್ ಹಾಳೆ. ಬಳ್ಳಾರಿ ಧೂಳು ನಿಮಗೆ ಗೊತ್ತಲ್ವಾ, ಬೆಳಿಗ್ಗೆ ಒರೆಸಿದ ಮೇಜು ಸಂಜೆಗೆ ಕೆಂಪಗೆ. ಆ ಧೂಳು ಜಾಲರಿ ಮೂಲಕ ಒಳಗೆ ಬೀಳಬಾರದು ಅಂತ ನಾನೇ, ಒಳ್ಳೆಯದಕ್ಕೇ ಅಂತ, ಅಳತೆ ಕೊಟ್ಟು ಕತ್ತರಿಸಿ ತಂದು ಹಾಕಿದ್ದೆ. ಕಣ್ಣಿಗೆ ಬೆಳಕು ಪೂರ್ತಿ ಕಾಣುತ್ತಿತ್ತು. ಆದರೆ ಯುವಿಬಿ ಕಿರಣ ಸಾದಾ ಅಕ್ರಿಲಿಕ್ ದಾಟುವುದಿಲ್ಲ, ಗಾಜನ್ನೂ ದಾಟುವುದಿಲ್ಲ. ಆ ಕಿರಣ ಚರ್ಮಕ್ಕೆ ಬಿದ್ದರೆ ತಾನೇ ಮೈಯಲ್ಲಿ ವಿಟಮಿನ್ ಡಿ3 ಆಗುವುದು, ಡಿ3 ಇದ್ದರೆ ತಾನೇ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದು. ಸೇರದಿದ್ದಾಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ಸ್ನಾಯು ನಡೆಸುತ್ತದೆ. ದವಡೆ ಮೆತ್ತಗಾಯಿತು, ಅಗಿಯಲು ಆಗಲಿಲ್ಲ, ಊಟ ಬಿಟ್ಟಿತು. ಸೋಮಾರಿತನ ಎಲ್ಲಿತ್ತು ಅದರಲ್ಲಿ?

ಹಾಗಾಗಿ ಯುವಿಬಿ ಪರೀಕ್ಷೆ ಹೀಗೆ ಮಾಡಿ. ಮೊದಲು, ಟ್ಯೂಬ್‌ಗೂ ಪ್ರಾಣಿಯ ಬೆನ್ನಿಗೂ ನಡುವೆ ಏನಿದೆ ಅಂತ ಬೆರಳಿಟ್ಟು ನೋಡುತ್ತಾ ಬನ್ನಿ. ಗಾಜು, ಅಕ್ರಿಲಿಕ್, ಪ್ಲಾಸ್ಟಿಕ್ ಹಾಳೆ ಇದ್ದರೆ ತೆಗೆಯಿರಿ. ಸಣ್ಣ ಕಣ್ಣಿನ ಜಾಲರಿಯೂ ಒಂದಷ್ಟು ತಡೆಯುತ್ತದೆ, ಆಗುವುದಾದರೆ ಟ್ಯೂಬನ್ನು ಒಳಗೇ ಕೂರಿಸಿ. ಟ್ಯೂಬ್ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ, ನಮ್ಮ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಎರಡನೆಯದು, ಅದು ಯಾವ ಬಲ್ಬ್. ಸುರುಳಿ ಆಕಾರದ ಸಣ್ಣ ಯುವಿ ಬಲ್ಬ್ ಈ ಪ್ರಾಣಿಗೆ ಸಾಲದು. ಟಿ5 ಅನ್ನುವ ತೆಳ್ಳನೆ ಟ್ಯೂಬ್, ಮರುಭೂಮಿ ಪ್ರಾಣಿಗಳಿಗೆ ಅಂತ ಬರುವ 10 ಅಥವಾ 12 ಶೇಕಡ ಯುವಿಬಿಯದ್ದು, ಟ್ಯಾಂಕಿನ ಅರ್ಧಕ್ಕಿಂತ ಉದ್ದ ಇರಬೇಕು, ಬಿಸಿ ಬಲ್ಬ್ ಪಕ್ಕದಲ್ಲೇ ಇರಬೇಕು. ಕಲ್ಲಿನ ಮೇಲೆ ಕೂತ ಪ್ರಾಣಿಯ ಬೆನ್ನಿಗೆ ಒಂದು ಅಡಿಯಿಂದ ಒಂದೂಕಾಲು ಅಡಿ ದೂರ ಇರಲಿ, ನಡುವೆ ಜಾಲರಿ ಇದ್ದರೆ ಇನ್ನೂ ಸ್ವಲ್ಪ ಹತ್ತಿರ. ಮೀಟರ್ ಇದ್ದವರು ಆ ಜಾಗದಲ್ಲಿ ಯುವಿ ಸೂಚ್ಯಂಕ 4ರಿಂದ 6 ಬರುತ್ತದಾ ನೋಡಿ. ಮೀಟರ್ ದುಬಾರಿ, ಎಲ್ಲರೂ ಕೊಳ್ಳಬೇಕಾಗಿಲ್ಲ. ಮೂರನೆಯದು ವಯಸ್ಸು. ಟಿ5 ಟ್ಯೂಬನ್ನು ವರ್ಷಕ್ಕೊಮ್ಮೆ, ಹಳೆ ದಪ್ಪ ಟಿ8 ಆದರೆ ಆರು ತಿಂಗಳಿಗೊಮ್ಮೆ ಬದಲಿಸಿ, ಬೆಳಕು ಎಷ್ಟೇ ಚೆನ್ನಾಗಿರಲಿ. ಹಾಕಿದ ದಿನ ಟ್ಯೂಬಿನ ತುದಿಯ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆಯಿರಿ.

ಕಿಟಕಿ ಪಕ್ಕ ಇಟ್ಟಿದ್ದೇವೆ, ಬಿಸಿಲು ಬೀಳುತ್ತದೆ ಅನ್ನುವವರಿಗೂ ಉತ್ತರ ಇದೇ. ಗಾಜಿನೊಳಗೆ ಬರುವುದು ಬಿಸಿ ಮಾತ್ರ. ಬಿಸಿಲು ಕೊಡುವುದಾದರೆ ತಂತಿ ಪಂಜರದಲ್ಲಿ, ಮಾಳಿಗೆ ಮೇಲೆ, ಬೆಳಿಗ್ಗೆ 8ರಿಂದ 9ರೊಳಗೆ ಹದಿನೈದು ಇಪ್ಪತ್ತು ನಿಮಿಷ, ಅರ್ಧ ಪಂಜರಕ್ಕೆ ಗೋಣಿಚೀಲದ ನೆರಳು ಮಾಡಿ. ಗಾಜಿನ ತೊಟ್ಟಿಯನ್ನು ಬಿಸಿಲಲ್ಲಿ ಇಟ್ಟರೆ ನಿಮಿಷಗಳಲ್ಲಿ ಬೇಯುತ್ತದೆ. ಬೆಕ್ಕು, ಹದ್ದು ಇವೆ, ಪಕ್ಕದಿಂದ ಏಳಬೇಡಿ.

ಬೆರಳು ಮಿಡಿಯುತ್ತಿದ್ದರೆ, ದವಡೆ ಬಗ್ಗುತ್ತಿದ್ದರೆ ಬರೀ ಟ್ಯೂಬ್ ಬದಲಿಸಿ, ಪುಡಿ ಉದುರಿಸಿ ಕಾಯುವುದು ಸಾಲದು. ಕ್ಯಾಲ್ಸಿಯಂ ಔಷಧಿಯ ಪ್ರಮಾಣ ತೂಕ ನೋಡಿ ವೈದ್ಯರೇ ಹೇಳಬೇಕು. ಮನುಷ್ಯರ ಕ್ಯಾಲ್ಸಿಯಂ ಡಿ3 ಮಾತ್ರೆ ಅರೆದು ಹಾಕಬೇಡಿ, ಡಿ3 ಹೆಚ್ಚಾದರೂ ವಿಷವೇ. ಮುಳ್ಳಪ್ಪನಿಗೆ ಸಿರಪ್ ವಾರಗಟ್ಟಲೆ ಹಾಕಿದೆ. ಮಿಡಿತ ನಿಲ್ಲಲು ಇಪ್ಪತ್ತು ದಿನ ಆಯಿತು, ದವಡೆ ಗಟ್ಟಿಯಾಗಲು ಮೂರು ತಿಂಗಳು. ಆ ಬೆರಳು ಈಗಲೂ ಸೊಟ್ಟಗಿದೆ.

ಹೊಟ್ಟೆ: ಹಿಕ್ಕೆ ನೋಡದೆ ಔಷಧಿ ಬೇಡ

ಬಿಸಿ ಸರಿ ಇದೆ, ಯುವಿಬಿ ಸರಿ ಇದೆ ಅಂದಮೇಲೆ ಹೊಟ್ಟೆಗೆ ಬನ್ನಿ. ಸರಿಯಾದ ಹಿಕ್ಕೆ ಕಂದು ಬಣ್ಣ, ಆಕಾರ ಹಿಡಿದಿರುತ್ತದೆ, ಜೊತೆಗೆ ಸುಣ್ಣದ ಹಾಗೆ ಬಿಳಿ ತುಂಡು. ಆ ಬಿಳಿ ಅಂದರೆ ಮೂತ್ರವೇ. ಅದು ಹಳದಿಯಾಗಿ, ಚಾಕ್‌ಪೀಸಿನ ಹಾಗೆ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಮೂಗಿನ ಮೇಲೆ ಒಂದೊಂದೇ ಹನಿ ಬಿಡಿ, ನೆಕ್ಕುತ್ತದೆ. ಸೊಪ್ಪನ್ನು ಒದ್ದೆಯಾಗೇ ಕೊಡಿ.

ನೀರುನೀರು, ತಡೆಯಲಾರದ ವಾಸನೆ, ಲೋಳೆ, ಇವು ಹೊಟ್ಟೆಹುಳದ ಅಥವಾ ಕಾಕ್ಸಿಡಿಯಾ ಅನ್ನುವ ಕರುಳಿನ ಸೂಕ್ಷ್ಮ ಪರಾವಲಂಬಿಯ ಗುರುತು ಇರಬಹುದು. ಇರಬಹುದು ಅಷ್ಟೇ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಗೊತ್ತು. ಇದಕ್ಕೆ ಬೆಂಗಳೂರೇ ಆಗಬೇಕು ಅಂತಿಲ್ಲ. ಕುರಿ, ಮೇಕೆ ಹಿಕ್ಕೆ ಪರೀಕ್ಷೆ ಮಾಡುವ ದನದ ಆಸ್ಪತ್ರೆಯಲ್ಲಿ ವಿನಯವಾಗಿ ಕೇಳಿ ನೋಡಿ, ಪರೀಕ್ಷೆಯ ಕ್ರಮ ಅದೇ. ಅಂದಿನ ಹಿಕ್ಕೆಯನ್ನೇ ಮುಚ್ಚಳದ ಡಬ್ಬಿಯಲ್ಲಿ ಬಿಸಿಲು ತಗಲದ ಹಾಗೆ ಒಯ್ಯಿರಿ. ವರದಿಯ ಫೋಟೊ ಬೆಂಗಳೂರಿನ ವೈದ್ಯರಿಗೆ ಕಳಿಸಿ, ಔಷಧಿ ಅವರು ಹೇಳಲಿ.

ತಿನ್ನುತ್ತಿದ್ದ ಪ್ರಾಣಿ ವಾರ ಕಳೆದರೂ ಹಿಕ್ಕೆ ಹಾಕಿಲ್ಲ, ಹೊಟ್ಟೆ ಗಟ್ಟಿ ಅಂದರೆ ಕಟ್ಟಿಕೊಂಡಿದೆ. ಕಾರಣ ಮೂರರಲ್ಲಿ ಒಂದು. ಕಲ್ಲಿನ ಬಿಸಿ ಕಡಿಮೆ, ಅಥವಾ ಹುಳ ದೊಡ್ಡದು, ಅಥವಾ ಕೆಳಗೆ ಹಾಕಿದ ಮರಳು ತಿಂದಿದೆ. ಹುಳ ಅದರ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು, ಈ ಅಳತೆ ಮರಿಗಳಿಗಂತೂ ತಪ್ಪಬಾರದು. ತುಂಗಭದ್ರೆಯ ಮರಳು ನೋಡಲು ಚಂದ, ಆದರೆ ಮರಿ ಇರುವ ಪೆಟ್ಟಿಗೆಗೆ ಹಳೆ ಪೇಪರ್ ಅಥವಾ ಕಲ್ಲಿನ ಹಾಸು ಸಾಕು. ಬೆಚ್ಚನೆ ನೀರಲ್ಲಿ, ಮೊಣಕೈಗೆ ಹಚ್ಚಿದರೆ ಬೆಚ್ಚಗಿರಬೇಕು ಅಷ್ಟೇ, ಭುಜದ ಮಟ್ಟಕ್ಕೆ, ಇಪ್ಪತ್ತು ನಿಮಿಷ ನಿಲ್ಲಿಸಿ, ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಹಗುರವಾಗಿ ನೀವಿ. ಎರಡು ಮೂರು ದಿನ ಮಾಡಿಯೂ ಆಗದಿದ್ದರೆ ವೈದ್ಯರು. ಹರಳೆಣ್ಣೆ ಕುಡಿಸಬೇಡಿ. ಮಕ್ಕಳಿಗೆ ಕೊಟ್ಟ ಹಾಗೆ ಇದಕ್ಕೂ ಕೊಡುವವರಿದ್ದಾರೆ, ಶ್ವಾಸಕ್ಕೆ ಹೋದರೆ ಉಳಿಯುವುದು ಕಷ್ಟ.

ಊಟದ ವಿಷಯದಲ್ಲಿ ನಮ್ಮ ಕಡೆಯ ಒಂದು ಅಪಾಯ ಒತ್ತಿ ಹೇಳಬೇಕು. ಹೊಲದ ಮಿಡತೆ ಹಿಡಿದು ಹಾಕಬೇಡಿ. ಮೆಣಸಿನಕಾಯಿ, ಹತ್ತಿ, ಭತ್ತ, ಮೂರಕ್ಕೂ ಔಷಧಿ ಹೊಡೆಯುತ್ತಾರೆ, ಇವತ್ತು ಹೊಡೆದದ್ದು ಬದುವಿನ ಹುಲ್ಲಿಗೂ ಹಾರುತ್ತದೆ. ಮಿಂಚುಹುಳ ಒಂದೇ ಒಂದು ತಿಂದರೂ ಸಾಯಬಹುದು, ಮಳೆಗಾಲದಲ್ಲಿ ಟ್ಯಾಂಕಿನ ಬಾಗಿಲು ತೆರೆದಿಡಬೇಡಿ. ಮನೆಯ ಜಿರಳೆಯೂ ಬೇಡ. ಸಾಕಿದ ಡೂಬಿಯಾ ಜಿರಳೆ, ಕ್ರಿಕೆಟ್ ಹುಳ ಸಿಕ್ಕರೆ ಒಳ್ಳೆಯದು, ಹಾಕುವ ಹಿಂದಿನ ದಿನ ಆ ಹುಳಕ್ಕೂ ಸೊಪ್ಪು, ಗಜ್ಜರಿ ತಿನ್ನಿಸಿ, ಹಾಕುವಾಗ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಹಚ್ಚಿ. ನಮ್ಮಲ್ಲಿ ಸಿಗುವ ಬಂಗಾರದಂಥ ಆಹಾರ ಅಂದರೆ ರೇಷ್ಮೆ ಹುಳ, ಮೆತ್ತಗೆ, ನೀರಿನಂಶ ಜಾಸ್ತಿ. ಊಟ ಬಿಟ್ಟ ಮುಳ್ಳಪ್ಪ ಮೊದಲು ಬಾಯಿ ಹಾಕಿದ್ದು ಅದಕ್ಕೇ. ಆದರೆ ಹುಳಮನೆಯಲ್ಲಿ ಹಾಸಿಗೆಗೆ ಸುಣ್ಣ, ಸೋಂಕು ತಡೆಯುವ ಪುಡಿ ಉದುರಿಸುತ್ತಾರೆ. ರೈತರನ್ನು ಕೇಳಿ ಪುಡಿ ಹಾಕುವ ಮುಂಚಿನ ಹುಳ ತನ್ನಿ, ಎರಡು ದಿನ ಮನೆಯಲ್ಲಿ ತೊಳೆದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಾಕಿ ಆಮೇಲೆ ಹಾಕಿ.

ಸೊಪ್ಪಿನಲ್ಲಿ ನುಗ್ಗೆ ಸೊಪ್ಪು, ದಾಸವಾಳದ ಹೂ ಮತ್ತು ಎಳೆ ಎಲೆ, ತುರಿದ ಕುಂಬಳಕಾಯಿ. ಪಾಲಕ್, ರಾಜಗಿರಿ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಂಡು ಬಿಡುತ್ತದೆ. ಬೆಣ್ಣೆಹಣ್ಣು ಪೂರ್ತಿ ನಿಷಿದ್ಧ.

ದೋಷವೇ ಅಲ್ಲದಿರಬಹುದು

ಮರಿಯಾಗಿದ್ದಾಗ ದಿನಕ್ಕೆ ಎರಡು ಮೂರು ಸಲ ಹುಳ ತಿನ್ನುವ ಪ್ರಾಣಿ ವರ್ಷ ದಾಟಿದ ಮೇಲೆ ವಾರಕ್ಕೆ ಎರಡು ಮೂರು ಸಲ ಹುಳ, ಉಳಿದ ದಿನ ಸೊಪ್ಪಿನಲ್ಲಿ ಬದುಕುತ್ತದೆ. ಇದು ವಯಸ್ಸು, ರೋಗ ಅಲ್ಲ. ಪೊರೆ ಬಿಡುವ ಮುಂಚೆ ಬಣ್ಣ ಮಾಸುತ್ತದೆ, ನಾಲ್ಕು ದಿನ ಮುನಿಸಿಕೊಂಡ ಹಾಗಿರುತ್ತದೆ. ಹೊಸದಾಗಿ ತಂದಿದ್ದರೆ ಒಂದೆರಡು ವಾರ ಸುಮ್ನೆ ಬಿಡಿ, ಎತ್ತಿ ಎತ್ತಿ ನೋಡಬೇಡಿ. ಗಡ್ಡ ಕಪ್ಪಾಗಿಸಿ ಗಾಜಿಗೆ ಹಾಯುತ್ತಿದ್ದರೆ ತನ್ನ ಬಿಂಬವನ್ನೇ ಬೇರೆ ಗಂಡು ಅಂದುಕೊಂಡಿರಬಹುದು, ಮೂರು ಕಡೆ ಡ್ರಾಯಿಂಗ್ ಹಾಳೆ ಅಂಟಿಸಿದರೆ ಮುಗಿಯಿತು.

ಡಿಸೆಂಬರ್, ಜನವರಿಯಲ್ಲಿ ವರ್ಷ ದಾಟಿದ ಪ್ರಾಣಿ ವಾರಗಟ್ಟಲೆ ನಿದ್ದೆಗೆ ಬೀಳಬಹುದು. ಚಳಿಗಾಲದ ಅರೆನಿದ್ದೆ ಅದು. ಇದನ್ನು ಕಾಯಿಲೆಯಿಂದ ಬೇರೆ ಮಾಡಿ ತೋರಿಸುವುದು ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆಯಿರಿ. ನಿದ್ದೆಯಲ್ಲಿರುವ ಪ್ರಾಣಿಯ ತೂಕ ಬಹುತೇಕ ಹಾಗೇ ಇರುತ್ತದೆ. ಹತ್ತರಲ್ಲಿ ಒಂದು ಭಾಗ ಇಳಿದರೆ ಅದು ನಿದ್ದೆ ಅಲ್ಲ, ಎಬ್ಬಿಸಿ ತೋರಿಸಿ. ಮರಿಗಳಿಗೆ ಈ ನೆಪ ಹೇಳಬೇಡಿ. ಆರು ತಿಂಗಳ ಮರಿ ನಾಲ್ಕು ದಿನ ತಿನ್ನದಿದ್ದರೆ ಏನೋ ಕೆಟ್ಟಿದೆ ಅಂತಲೇ.

ಹೆಣ್ಣು ಪ್ರಾಣಿ ಇದ್ದವರು ಇದನ್ನು ಮರೆಯಬಾರದು. ಗಂಡಿನ ಮುಖವೇ ನೋಡದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಇಪ್ಪತ್ತರ ಆಸುಪಾಸು. ಊಟ ಬಿಡುತ್ತದೆ, ಮೂಲೆ ಮೂಲೆ ತೋಡುತ್ತದೆ, ಹೊಟ್ಟೆಯಲ್ಲಿ ದ್ರಾಕ್ಷಿ ಇಟ್ಟ ಹಾಗೆ ಉಬ್ಬು ಕೈಗೆ ಸಿಗುತ್ತದೆ. ಒಂದು ಅಡಿ ಆಳದ ಡಬ್ಬಿಯಲ್ಲಿ ಒದ್ದೆ ಮಣ್ಣು, ಮರಳು ಬೆರೆಸಿ ತುಂಬಿ, ತೋಡಿದ ಗುಂಡಿ ಕುಸಿಯದಷ್ಟು ಒತ್ತಿ ಇಡಿ, ಮೇಲೆ ಬಟ್ಟೆ ಇಳಿಬಿಟ್ಟು ಒಂಟಿಯಾಗಿ ಬಿಡಿ. ಎರಡು ದಿನ ತೋಡಿಯೂ ಇಡಲಾಗದೆ ಸೋತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಅದಕ್ಕೆ ಮನೆಯಲ್ಲಿ ಉಪಾಯ ಇಲ್ಲ.

ಬಸ್ ಹತ್ತುವಾಗ

ಮೂರು ದಿನದ ಬಿಸಿಯ ಲೆಕ್ಕ, ತೂಕದ ಲೆಕ್ಕ, ಟ್ಯೂಬಿನ ಹೆಸರು ಮತ್ತು ಹಾಕಿದ ತಾರೀಕು, ಟ್ಯಾಂಕಿನ ಮುಂದಿನಿಂದ ಒಂದು, ಮೇಲಿಂದ ಒಂದು ಫೋಟೊ, ಅದುರುವುದಿದ್ದರೆ ಅದರ ವಿಡಿಯೊ, ಅಂದಿನ ಹಿಕ್ಕೆ. ಇಷ್ಟು ಜೊತೆಗಿರಲಿ. ಮೇಲಿಂದ ಅಂದರೆ ಟ್ಯೂಬ್, ಜಾಲರಿ, ನಡುವೆ ಇರುವುದು ಎಲ್ಲ ಕಾಣುವ ಹಾಗೆ. ಪ್ರಾಣಿಯನ್ನು ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳೆ ಟವೆಲ್ ಹಾಸಿ ಇಡಿ, ಹೊರಡುವ ದಿನ ತಿನ್ನಿಸಬೇಡಿ, ಬಿಸಿ ಇಲ್ಲದೆ ಅರಗುವುದಿಲ್ಲ. ರಾತ್ರಿ ಬಸ್ಸಿನ ಎಸಿಯ ಗಾಳಿ ಸೀದಾ ಬೀಳದ ಕಡೆ, ಕಾಲ ಬಳಿ ಅಲ್ಲ, ಮಡಿಲಲ್ಲಿ ಇಟ್ಟುಕೊಳ್ಳಿ. ಚಳಿಗಾಲವಾದರೆ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಡಬ್ಬಿಯ ಹೊರಗೆ ಒಂದು ಬದಿಗೆ ಒರಗಿಸಿ, ಇನ್ನೊಂದು ಬದಿ ತಂಪಾಗೇ ಇರಲಿ. ಅಲ್ಲೂ ಅದಕ್ಕೆ ಆಯ್ಕೆ ಬೇಕು.